ಏಳು ಪಂದ್ಯಗಳ ತೀರ್ಪು

ಚೆಂಡಾಟವು ನಮ್ಮ ದೇಶಕ್ಕೆ ಹೊಸತಲ್ಲ. ಸಂಸ್ಕೃತ ಕಾವ್ಯಗಳಲ್ಲಿನ ಕಂದುಕಕ್ರೀಡೆಯ ವರ್ಣನೆಗಳನ್ನು ಓದಿದವರಿಗೆ ಇದು ವಿದಿತವೇ ಆಗಿದೆ. ಆದರೆ ಎತ್ತರದಲ್ಲಿರುವ ಬುಟ್ಟಿಯೊಳಗೆ ಚೆಂಡನ್ನು ಹಾಕಿ ಜಯಾಪಜಯಗಳನ್ನು ನಿರ್ಣಯಿಸುವ ಬಾಸ್ಕೆಟ್‌ಬಾಲ್ ಆಟವು ಈಚಿನದು. ಅದು ಹುಟ್ಟಿದ್ದು ಒಂದು ವಿದ್ಯಾಸಂಸ್ಥೆಯಲ್ಲಿ, ಒಬ್ಬ ಅಧ್ಯಾಪಕನಿಂದ ಎಂಬುದು ಶಿಕ್ಷಣಾಸಕ್ತರಿಗೆಲ್ಲ ಸಂತೋಷದ ಸಂಗತಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮಶಿಕ್ಷಕರು, ಚಳಿಗಾಲದಲ್ಲಿ ಮನೆಯೊಳಗೆ ಆಡಬಹುದಾದ ಆಟವೊಂದನ್ನು ತಮ್ಮ ಶಿಷ್ಯರಿಗಾಗಿ ಯೋಚಿಸಿ, ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿದರು. ಹದಿಮೂರು ನಿಯಮಗಳನ್ನು ಬರೆದರು. ಹದಿನೆಂಟು ವಿದ್ಯಾರ್ಥಿಗಳು ಒಂಬತ್ತೊಂಬತ್ತು ಜನರಂತೆ ಪಂಗಡವಾಗಿ ಆಡಿದ ಆ ಮೊದಲ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಸಲ!

ಈ ಸರಳ ವಿನೋದವು ಕಾಲಕ್ರಮದಲ್ಲಿ ವೃತ್ತಿಯಾಗಿ ಬೆಳೆಯಿತು. 1946ರಲ್ಲಿ ಸ್ಥಾಪಿತವಾಗಿ, 1949ರಲ್ಲಿ ಮತ್ತೊಂದು ಸಂಘದೊಡನೆ ಕೂಡಿ ಎನ್.ಬಿ.ಎ. ಎಂಬ ಹೆಸರು ಪಡೆದ ಅಮೆರಿಕದ ಸಂಸ್ಥೆಯ ಅಂತಿಮ ಸ್ಪರ್ಧೆ ಇಂದು ಲೋಕಪ್ರಸಿದ್ಧ. ಇದರಲ್ಲಿ ಎರಡು ತಂಡಗಳು ಒಂದೇ ಪಂದ್ಯವಾಡಿ ಮನೆಗೆ ಹೋಗುವುದಿಲ್ಲ. ಗರಿಷ್ಠ ಏಳು ಪಂದ್ಯಗಳ ಸರಣಿಯಲ್ಲಿ ಯಾರು ಮೊದಲು ನಾಲ್ಕನ್ನು ಗೆಲ್ಲುವರೋ ಅವರೇ ವಿಜಯಿಗಳು. ವರ್ಷದ ಪಂದ್ಯಗಳಲ್ಲಿ ಉತ್ತಮ ದಾಖಲೆಯುಳ್ಳ ತಂಡಕ್ಕೆ ಮೊದಲೆರಡು ಪಂದ್ಯಗಳು ತನ್ನೂರಿನಲ್ಲಿ. ಮುಂದಿನ ಎರಡು ಎದುರಾಳಿಯ ಊರಿನಲ್ಲಿ. ಬಳಿಕ ಅಗತ್ಯಬಿದ್ದರೆ ಒಂದೊಂದಾಗಿ ಅತ್ತಿತ್ತ. 1985ರಿಂದ 2013ರವರೆಗೆ ಎರಡು, ಮೂರು, ಎರಡು ಎಂಬ ಕ್ರಮವಿತ್ತು. 2014ರಿಂದ ಈಗಿನ ಕ್ರಮ ನಡೆದುಬಂದಿದೆ.

ಇಷ್ಟೊಂದು ಪಂದ್ಯಗಳೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಗಣಿತವೇ ಉತ್ತರ ಹೇಳುತ್ತದೆ. ಎದುರಾಳಿಯೊಡನೆ ಆಡುವ ನೂರು ಪಂದ್ಯಗಳಲ್ಲಿ ಅರವತ್ತನ್ನು ಗೆಲ್ಲಬಲ್ಲ ತಂಡವೊಂದಿದೆಯೆಂದು ಭಾವಿಸೋಣ. ಒಂದೇ ಪಂದ್ಯದಿಂದ ತೀರ್ಪು ಕೊಟ್ಟರೆ ನೂರಕ್ಕೆ ನಲವತ್ತು ಸಲ ಈ ಸಮರ್ಥ ತಂಡವೇ ಸೋತು ಹೋಗುತ್ತದೆ. ಮೂರು ಪಂದ್ಯಗಳ ಸರಣಿಯಾದರೆ ಅದು ಗೆಲ್ಲುವ ಸಂಭವ ನೂರಕ್ಕೆ ಸುಮಾರು 65. ಏಳು ಪಂದ್ಯಗಳದಾದರೆ ಸುಮಾರು 71. ಪಂದ್ಯಗಳು ಹೆಚ್ಚಿದಂತೆ ಅದೃಷ್ಟದ ಪಾಲು ಕುಗ್ಗಿ ಸಾಮರ್ಥ್ಯದ ಪಾಲು ಹಿಗ್ಗುತ್ತದೆ. ಆದರೂ ದುರ್ಬಲನ ಬಾಗಿಲು ಪೂರ್ತಿಯಾಗಿ ಮುಚ್ಚುವುದಿಲ್ಲ.

ಇದಕ್ಕೆ 2016ರ ಸರಣಿಯೇ ಸಾಕ್ಷಿ. ಆ ವರ್ಷ ಗೋಲ್ಡನ್ ಸ್ಟೇಟ್ ತಂಡವು ಋತುವಿನ 82 ಪಂದ್ಯಗಳಲ್ಲಿ 73ನ್ನು ಗೆದ್ದು, ಅಂತಿಮ ಸರಣಿಯಲ್ಲಿಯೂ ಮೂರಕ್ಕೆ ಒಂದರಂತೆ ಮುಂದಿತ್ತು. ಎದುರಾಳಿಯಾದ ಕ್ಲೀವ್‌ಲ್ಯಾಂಡ್ ತಂಡವು ಉಳಿದ ಮೂರನ್ನೂ ಗೆದ್ದು, ಏಳನೆಯ ಪಂದ್ಯವನ್ನು 93-89ರಿಂದ ಮುಗಿಸಿತು. ಅಂತಿಮ ಸರಣಿಯಲ್ಲಿ ಅಂಥ ಹಿನ್ನಡೆಯಿಂದ ಮೇಲೆದ್ದು ಬಂದ ತಂಡ ಅದಕ್ಕೆ ಮುಂಚೆ ಇರಲಿಲ್ಲ. ಸೋತ ರಾತ್ರಿಯೇ ಕುಳಿತು ತಪ್ಪನ್ನು ಶೋಧಿಸಿ, ಎರಡು ದಿನಗಳ ಬಳಿಕ ಅದೇ ಎದುರಾಳಿಯ ಮುಂದೆ ತಿದ್ದಿಕೊಂಡು ನಿಲ್ಲುವ ಅವಕಾಶ ಸರಣಿಯಲ್ಲಿ ಮಾತ್ರ ಲಭ್ಯ.

ಕನ್ನಡ ನಾಡಿಗೂ ಈ ಆಟದ ನಂಟುಂಟು. 2015ರಲ್ಲಿ ಭಾರತದಲ್ಲಿ ಆರಂಭವಾದ ಯು.ಬಿ.ಎ. ಎಂಬ ವೃತ್ತಿಪರ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಆ ಲೀಗು ಬಹುಕಾಲ ಬಾಳಲಿಲ್ಲ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ ಮಹಿಳಾ ಕಪ್‌ನ ದ್ವಿತೀಯ ವಿಭಾಗದಲ್ಲಿ ಭಾರತದ ವನಿತೆಯರು ಕಜಕಿಸ್ತಾನವನ್ನು 75-73ರಿಂದ ಮಣಿಸಿ ಪ್ರಥಮ ವಿಭಾಗಕ್ಕೇರಿದರು. ಅಲ್ಲಿ ಸರಣಿಯಿರಲಿಲ್ಲ, ಒಂದೇ ಪಂದ್ಯದ, ಕೇವಲ ಎರಡು ಅಂಕಗಳ ಅಂತರ. ಆ ಎರಡು ಅಂಕಗಳು ಅತ್ತ ಸರಿದಿದ್ದರೆ ವರ್ಷಗಳ ಸಾಧನೆಗೆ ಮನ್ನಣೆಯೇ ದೊರೆಯುತ್ತಿರಲಿಲ್ಲ.

ಈ ವಿಚಾರವು ಶಾಲೆಗಳಿಗೆ ಬಹು ಹತ್ತಿರದ್ದು. ಚಂದ್ರಂಪಳ್ಳಿಯ ಅಡವಿಯಂಚಿನ ಹಳ್ಳಿಯಿಂದಲೋ ತಾಂಡಾದಿಂದಲೋ ತಾಲೂಕು ಕ್ರೀಡಾಕೂಟಕ್ಕೆ ಬರುವ ಬಾಲಕನೊಬ್ಬನು, ಬೆಳಗಿನ ಒಂದು ಪಂದ್ಯದಲ್ಲಿ ಸೋತೊಡನೆ ಬುತ್ತಿಯನ್ನು ಬಿಚ್ಚಿ ಉಂಡು ಊರಿಗೆ ಮರಳಬೇಕಾಗುತ್ತದೆ. ಅವನ ಶಕ್ತಿಯೆಷ್ಟೆಂಬುದು ಅವನಿಗೂ ಗುರುಗಳಿಗೂ ತಿಳಿಯದೆ ಉಳಿಯುತ್ತದೆ. ಏಳು ಪಂದ್ಯಗಳ ಏರ್ಪಾಡಿಗೆ ದ್ರವ್ಯವೂ ಕಾಲವೂ ಬೇಕು, ನಿಜ. ಆದರೆ ನೆರೆಯ ಎರಡು ಶಾಲೆಗಳು ಮೂರು ಶನಿವಾರಗಳಲ್ಲಿ ಮೂರು ಪಂದ್ಯಗಳನ್ನಾಡುವುದು ಅಸಾಧ್ಯವಲ್ಲ. ಅಂಕಣಕ್ಕೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟಾದ ಗಟ್ಟಿ ನೆಲ, ಎರಡು ಕಂಬ, 3.05 ಮೀಟರ್ ಎತ್ತರದಲ್ಲಿ ಎರಡು ಬಳೆ. ಶಹಾಬಾದಿನ ಕಲ್ಲಿಗೂ ವಾಡಿಯ ಸಿಮೆಂಟಿಗೂ ಹೆಸರಾದ ಸೀಮೆಗೆ ಇದು ಹೊರೆಯಾಗಲಾರದು.

ಶರಣರು ಕಾಯಕವನ್ನು ಒಂದು ದಿನದ ವ್ರತವೆಂದು ಬಗೆಯದೆ ನಿತ್ಯದ ನಡೆಯೆಂದು ಬಗೆದರು. ಮಕ್ಕಳ ಸಾಮರ್ಥ್ಯವನ್ನು ಅಳೆಯುವಲ್ಲಿಯೂ, ಅದು ಆಟದ ಅಂಗಳವಿರಲಿ, ಪರೀಕ್ಷೆಯ ಕೊಠಡಿಯಿರಲಿ, ಒಂದು ದಿನದ ಸೋಲನ್ನೇ ಕೊನೆಯ ಮಾತೆಂದು ಎಣಿಸದಿರುವುದು ಗುರುಹಿರಿಯರಿಗೆ ಉಚಿತವಾದುದು. ದಾಸೋಹಬುದ್ಧಿಯ ಮಹನೀಯರು ಪ್ರತಿ ಶಾಲೆಗೂ ಇಂಥ ಒಂದು ಅಂಕಣವನ್ನು ಒದಗಿಸಿದಲ್ಲಿ, ಸೋತ ಮಗು ಮುಂದಿನ ಶನಿವಾರ ಮತ್ತೆ ಬಂದು ಆಡುವಂತಾದೀತು.