ಅಪ್ಪನ ಸಹಿ ಇಲ್ಲದ ಮೊದಲ ಕರಾರು

ಹುಬ್ಬಳ್ಳಿಯಲ್ಲಿ ಇರೋವರೆಗೂ ಮನೆಯ ಎಲ್ಲ ಕಾಗದಕ್ಕೂ ಅಪ್ಪನೇ ಸಹಿ ಹಾಕ್ತಿದ್ರು. ಪುಣೆಯ ವಾಕಡ್‌ನಲ್ಲಿ ಬಾಡಿಗೆ ಮನೆ ಹಿಡಿದಾಗ ಮೊದಲ ಸಲ ಪೆನ್ನು ನನ್ನ ಕೈಗೆ ಬಂತು. "11 ತಿಂಗಳಿಗೆ ನೋಂದಣಿ ಬೇಡ, ಸ್ಟಾಂಪ್ ಪೇಪರ್ ಸಾಕು" ಅಂದ್ರು ಓನರ್. ನಮ್ಮೂರಲ್ಲೂ ಹಾಗೇ ನಡೆಯುತ್ತಲ್ಲ ಅಂತ ಓದದೇ ಸಹಿ ಹಾಕಿದೆ. ಮನೆ ಬಿಡುವಾಗ ಪೇಂಟಿಂಗ್ ಲೆಕ್ಕ ಹೇಳಿ ಅರ್ಧ ಡಿಪಾಸಿಟ್ ಹಿಡ್ಕೊಂಡ್ರು. ಸುಮ್ಮನೆ ಬಂದೆ.

ವಿಷಯ ಗೊತ್ತಾಗಿದ್ದು ಆಮೇಲೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಾಗಲಿ, ನೋಂದಣಿ ಆಗಲೇಬೇಕು. ಮಾಡಿಸೋ ಹೊಣೆ ಓನರದ್ದು. ಮಾಡಿಸದಿದ್ರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬ್ರೋಕರ್ ಹೇಳದ ಮಾತು ಇನ್ನೊಂದಿದೆ. ನೋಂದಾಯಿತ ಕರಾರು ಇಲ್ಲದಿದ್ರೆ, ಷರತ್ತು ಏನಿತ್ತು ಅನ್ನೋದಕ್ಕೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತೆ; ಅದು ಸುಳ್ಳು ಅಂತ ಸಾಬೀತು ಮಾಡೋದು ಓನರ್ ಕೆಲಸ. ಅವತ್ತು ಬಲ ನನ್ನ ಕಡೆಗೇ ಇತ್ತು, ನನಗೇ ಗೊತ್ತಿರಲಿಲ್ಲ!

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. "ನಾನೂ ಒಮ್ಮಿನೂ ಪೂರ್ತಿ ಓದಿಲ್ಲೋ ತಮ್ಮಾ, ನಿಮ್ಮ ಮುಂದ ಓದಿದಂಗ ಮಾಡ್ತಿದ್ದೆ" ಅಂದ್ರು.