ತಲೆಮಾರುಗಳ ನೌಕೆ: ಒಂದು ಊರಿನ ಲೆಕ್ಕ

ಹಳೆಯ ಮೈಸೂರು ಸೀಮೆಯ ಗ್ರಾಮಗಳು ಸ್ವಯಂಪೂರ್ಣವಾಗಿದ್ದುವೆಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂತಹ ಊರಿನಲ್ಲಿ ಗೌಡನೂ ಶಾನುಭೋಗನೂ, ತೋಟಿ ತಳವಾರರೂ, ಕೆರೆಯ ತೂಬನ್ನು ನೋಡಿಕೊಳ್ಳುವ ನೀರುಗಂಟಿಯೂ, ಕಮ್ಮಾರ ಬಡಗಿ ಕುಂಬಾರ ಅಗಸರೂ ಮೊದಲಾದ ಹನ್ನೆರಡು ಮಂದಿ ಆಯಗಾರರು ಸುಗ್ಗಿಯ ಕಣದಲ್ಲಿ ತಮ್ಮ ಪಾಲಿನ ರಾಗಿಯನ್ನು ಪಡೆದು ವರ್ಷವೆಲ್ಲ ಊರಿನ ಕೆಲಸವನ್ನು ನಡೆಸುತ್ತಿದ್ದರೆಂಬುದು ನಿಜವೇ. ಆದರೆ ಉಪ್ಪು ಸಂತೆಯಿಂದ ಬರಬೇಕಾಗಿತ್ತು, ಸೊಸೆಯಂದಿರು ನೆರೆಯೂರುಗಳಿಂದ ಬರಬೇಕಾಗಿತ್ತು, ಕೆರೆಗೆ ನೀರು ಮುಗಿಲಿನಿಂದಲೇ ಬರಬೇಕಾಗಿತ್ತು. ಈ ಮೂರು ದಾರಿಗಳನ್ನೂ ಮುಚ್ಚಿಬಿಟ್ಟರೆ ಅಂತಹ ಊರು ಎಷ್ಟು ಕಾಲ ಬಾಳೀತು? ನಕ್ಷತ್ರಗಳೆಡೆಗಿನ ದಾರಿಯಲ್ಲಿಯೇ ತಲೆಮಾರುಗಳು ಹುಟ್ಟಿ ಬಾಳಿ ಅಳಿಯುವಂತೆ ವಿಜ್ಞಾನಕಥೆಗಾರರು ಕಲ್ಪಿಸಿರುವ ತಲೆಮಾರುಗಳ ನೌಕೆಯ ಸಮಸ್ಯೆ ವಾಸ್ತವವಾಗಿ ಇದೇ.

ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಸೆಕೆಂಡಿಗೆ ಸುಮಾರು 17 ಕಿಲೋಮೀಟರು ಸಾಗುತ್ತಿರುವ ವಾಯೇಜರ್-1ರ ವೇಗದಲ್ಲಿ ಅಲ್ಲಿಗೆ ತಲುಪಲು ಸುಮಾರು 75,000 ವರ್ಷಗಳು ಬೇಕು. ಬೆಳಕಿನ ವೇಗದ ನೂರರಲ್ಲೊಂದು ಭಾಗ ನಮಗೆ ಸಾಧ್ಯವಾಯಿತೆಂದೇ ಇಟ್ಟುಕೊಂಡರೂ, ಕೆಂಪೇಗೌಡರು ಬೆಂಗಳೂರಿನ ಕೋಟೆಗೆ ಅಸ್ತಿಭಾರ ಹಾಕಿದರೆನ್ನಲಾದ 1537ರಲ್ಲಿ ಹೊರಟ ನೌಕೆ 1961ರಲ್ಲಿ ಗುರಿಯನ್ನು ಸೇರುತ್ತಿತ್ತು. ಹೊರಟವರು ತಲುಪುವುದಿಲ್ಲ, ತಲುಪುವವರು ಹೊರಟವರಲ್ಲ.

ಇಷ್ಟು ಕಾಲ ಜನರು ತೇಲುತ್ತ ಬಾಳಲಾರರಾದುದರಿಂದ, ನೌಕೆಯನ್ನು ತಿರುಗಿಸಿ ಕೃತಕ ತೂಕವನ್ನು ಉಂಟುಮಾಡಬೇಕಾಗುತ್ತದೆ; ಅದರ ಗಾತ್ರವನ್ನು ನಿರ್ಧರಿಸುವುದೂ ಈ ಭ್ರಮಣವೇ. 100 ಮೀಟರು ತ್ರಿಜ್ಯದ ಚಕ್ರವು ಭೂಮಿಯ ಮೇಲಿನಷ್ಟೇ ತೂಕವನ್ನು ಕೊಡಬೇಕಾದರೆ ನಿಮಿಷಕ್ಕೆ ಮೂರು ಸುತ್ತು ತಿರುಗಬೇಕು. ಅಷ್ಟರಲ್ಲಿ ಅನೇಕರಿಗೆ ತಲೆ ಸುತ್ತುವುದು. ನಿಮಿಷಕ್ಕೆ ಒಂದೇ ಸುತ್ತು ಸಾಕೆಂದರೆ ತ್ರಿಜ್ಯವು ಸುಮಾರು 900 ಮೀಟರಿಗೇರುತ್ತದೆ. 1975ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ನಡೆದ ಅಧ್ಯಯನವು 10,000 ಜನರಿಗಾಗಿ 1.8 ಕಿಲೋಮೀಟರು ವ್ಯಾಸದ ಬಳೆಯನ್ನು ಸೂಚಿಸಿದ್ದು ಇದೇ ಲೆಕ್ಕದಿಂದ. ವಿಜ್ಞಾನಿ ಜೆ. ಡಿ. ಬರ್ನಾಲರು 1929ರಲ್ಲಿಯೇ 16 ಕಿಲೋಮೀಟರು ವ್ಯಾಸದ ಗೋಳವನ್ನು ಊಹಿಸಿದ್ದರು. ಆರ್ಥರ್ ಕ್ಲಾರ್ಕರು 1973ರ ಕಾದಂಬರಿಯಲ್ಲಿ ಚಿತ್ರಿಸಿದ 'ರಾಮ' ಅನ್ಯಲೋಕದವರ ನೌಕೆಯಾದರೂ, ಅದರ 50 ಕಿಲೋಮೀಟರು ಉದ್ದವು ಹೆಚ್ಚುಕಡಿಮೆ ಬೆಂಗಳೂರಿನಿಂದ ಮಾಗಡಿಗಿರುವ ದಾರಿಯಷ್ಟು.

ಲೋಹದ ಕೆಲಸವನ್ನು ಎಂಜಿನಿಯರರು ಹೇಗಾದರೂ ಸಾಧಿಸಿಯಾರು. ನನಗೆ ಸಂದೇಹವಿರುವುದು ನೀರುಗಂಟಿಯ ಕೆಲಸದಲ್ಲಿ. ಬೆವರು, ಉಸಿರಿನ ತೇವ, ಮೂತ್ರ ಇವುಗಳಿಂದ 100ಕ್ಕೆ 98 ಪಾಲು ನೀರನ್ನು ಮರಳಿ ಪಡೆಯುವ ಗುರಿಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಮುಟ್ಟಿತೆಂದು 2023ರಲ್ಲಿ ನಾಸಾ ತಿಳಿಸಿತು. ಇದು ಶ್ಲಾಘನೀಯವೇ ಸರಿ. ಆದರೂ ಪ್ರತಿ ಆವರ್ತನದಲ್ಲಿಯೂ ಎರಡು ಪಾಲು ಕಳೆಯುತ್ತ ಹೋದರೆ ಮೂವತ್ತೈದನೆಯ ಆವರ್ತನದ ಹೊತ್ತಿಗೆ ಮೊದಲಿನ ನೀರಿನ ಅರ್ಧವೂ ಉಳಿಯದು. ನಿಲ್ದಾಣಕ್ಕಾದರೋ ಭೂಮಿಯಿಂದ ನೀರು ಹೋಗುತ್ತದೆ, ನೌಕೆಗೆ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ.

ಗಾಳಿಯ ಗತಿಯೂ ಹೀಗೆಯೇ. ಅರಿಜೋನಾದ 'ಬಯೋಸ್ಫಿಯರ್ 2' ಎಂಬ ಗಾಜಿನ ಕಟ್ಟಡದೊಳಗೆ 1991ರಿಂದ 1993ರವರೆಗೆ ಎಂಟು ಮಂದಿ ಬಾಗಿಲು ಮುಚ್ಚಿಕೊಂಡು ವಾಸಿಸಿದರು. ಸುಮಾರು ಅರ್ಧ ಎಕರೆ ಜಮೀನಿನಲ್ಲಿ ತಮ್ಮ ಆಹಾರದ ಬಹುಭಾಗವನ್ನು ಬೆಳೆದುಕೊಂಡರಾದರೂ ಸೊರಗಿಹೋದರು. ಈ ಪ್ರಮಾಣದಲ್ಲಿ 10,000 ಜನರಿಗೆ 600 ಎಕರೆಗೂ ಮಿಕ್ಕ ಹೊಲ ಬೇಕು. ಇಷ್ಟರಲ್ಲಿ ಅಲ್ಲಿಯ ಗಾಳಿಯಲ್ಲಿನ ಆಮ್ಲಜನಕವು ಶೇಕಡ 20.9ರಿಂದ ಸುಮಾರು 14.5ಕ್ಕೆ ಇಳಿದು, ಹೊರಗಿನಿಂದ ತುಂಬಿಸಬೇಕಾಯಿತು. ತುಂಬ ಫಲವತ್ತಾಗಿರಲೆಂದು ಗೊಬ್ಬರ ಬೆರೆಸಿದ್ದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿ ಇಂಗಾಲಾಮ್ಲವನ್ನು ಬಿಟ್ಟವು. ಆ ಇಂಗಾಲಾಮ್ಲವನ್ನು ಗಿಡಗಳು ಪಡೆದು ಆಮ್ಲಜನಕವನ್ನು ಹಿಂದಿರುಗಿಸುವ ಮೊದಲೇ ಕಾಂಕ್ರೀಟು ಗೋಡೆಗಳು ಬಹುಪಾಲನ್ನು ಹೀರಿಕೊಂಡವು. ಗೋಡೆಯೂ ಉಣ್ಣುವವರ ಪಂಕ್ತಿಯಲ್ಲಿ ಕುಳಿತಿರುವುದೆಂದು ಯಾರೂ ಎಣಿಸಿರಲಿಲ್ಲ.

ಇನ್ನು ಸೊಸೆಯಂದಿರ ವಿಷಯ. ಸೋದರಮಾವನ ಸಂಬಂಧವನ್ನು ಮೆಚ್ಚುವ ನಮ್ಮ ಕಡೆಯವರಿಗೆ ಹೇಳುವುದು ಸಂಕೋಚವೇ. ಆದರೆ ರಕ್ತಸಂಬಂಧದ ವಿವಾಹಗಳು ತಲೆಮಾರಿನಿಂದ ತಲೆಮಾರಿಗೆ ಮುಂದುವರಿದರೆ ಸುಪ್ತ ದೋಷಗಳು ಪ್ರಕಟವಾಗುವ ಸಂಭವ ಹೆಚ್ಚುತ್ತದೆ. ಕ್ಯಾಮರಾನ್ ಸ್ಮಿತ್ ಎಂಬ ಮಾನವಶಾಸ್ತ್ರಜ್ಞರು 2014ರಲ್ಲಿ 14,000ದಿಂದ 44,000 ಜನರು ಬೇಕೆಂದರು. 2018ರಲ್ಲಿ ಮರೀನ್ ಮತ್ತು ಬೆಲ್ಲುಫಿ ಎಂಬುವರು, ಮಕ್ಕಳನ್ನು ಪಡೆಯುವುದೂ ವಧೂವರರ ಆಯ್ಕೆಯೂ ಕಟ್ಟುನಿಟ್ಟಾದ ನಿಯಮಕ್ಕೊಳಪಟ್ಟರೆ 98 ಜನರೇ ಸಾಕೆಂದು ಗಣಕಯಂತ್ರದಿಂದ ಲೆಕ್ಕ ಹಾಕಿದರು. ಇವೆರಡರ ನಡುವಿನ ಅಂತರವು ಜೀವಶಾಸ್ತ್ರದ್ದಷ್ಟೇ ಅಲ್ಲ, ಎಂತಹ ಆಳ್ವಿಕೆಯಡಿಯಲ್ಲಿ ಬಾಳಲು ಜನರು ಒಪ್ಪುವರೆಂಬುದರದೂ ಹೌದು.

ಕಥೆಗಾರರು ಎಲ್ಲಕ್ಕಿಂತ ಹೆಚ್ಚಾಗಿ ಅಂಜಿದುದು ಶಾನುಭೋಗನ ಕಡತ ಕಳೆದುಹೋಗುವುದಕ್ಕೆ. ರಾಬರ್ಟ್ ಹೈನ್ಲೈನರ 1941ರ 'ಯೂನಿವರ್ಸ್' ಕಥೆಯಲ್ಲಿ ದಂಗೆಯೊಂದರ ಅನಂತರ ಹುಟ್ಟಿದವರು ನೌಕೆಯನ್ನೇ ವಿಶ್ವವೆಂದು ನಂಬುತ್ತಾರೆ. ಅವರ ಪಂಡಿತರು ಭೌತಶಾಸ್ತ್ರದ ಗ್ರಂಥವನ್ನು ಧರ್ಮಗ್ರಂಥದಂತೆ ಓದಿ, ಗುರುತ್ವಾಕರ್ಷಣೆಯ ನಿಯಮವನ್ನು ಪ್ರೇಮದ ರೂಪಕವೆಂದು ವ್ಯಾಖ್ಯಾನಿಸುತ್ತಾರೆ. ಹೀಗಾಗದಂತೆ ಭೂಮಿಯಿಂದಲೇ ಪಾಠ ಹೇಳಬಹುದಲ್ಲವೇ ಎನ್ನಬಹುದು. ಮಾಗಡಿ ಬಿಡದಿಗಳಿಗೆ ದೂರವಲ್ಲದ ಬ್ಯಾಲಾಳಿನಲ್ಲಿ, 2008ರ ಚಂದ್ರಯಾನದೊಡನೆ ಮಾತನಾಡಲು ನಿಲ್ಲಿಸಿದ 32 ಮೀಟರು ವ್ಯಾಸದ ಆಂಟೆನಾ ಇದೆ. ಪ್ರಾಕ್ಸಿಮಾದವರೆಗೆ ಮುಟ್ಟುವ ಶಕ್ತಿ ಅದಕ್ಕಿದೆಯೆಂದೇ ಭಾವಿಸಿದರೂ, ಅಲ್ಲಿಂದ ಏಳು ವರ್ಷದ ಮಗುವೊಂದು ಕೇಳಿದ ಪ್ರಶ್ನೆ ಇಲ್ಲಿಗೆ ಬಂದು ಉತ್ತರ ಮರಳುವ ವೇಳೆಗೆ ಅದು ಹದಿನಾರನೆಯ ವರ್ಷದಲ್ಲಿ ಕಾಲಿಟ್ಟಿರುತ್ತದೆ.