ತಿಂಗಳಿಗೆ ಎರಡು ದಿನದ ಸೈನಿಕಳಿಗೂ ಹೆರಿಗೆ ರಜೆ: ಅಮೆರಿಕದ ಲೆಕ್ಕ, ನಮ್ಮ ಡೈರಿಯ ಲೆಕ್ಕ



ಗಬ್ಬದ ಹಸು ಕರು ಹಾಕಲು ಎರಡು ತಿಂಗಳಿರುವಾಗ ನಾವು ಹಾಲು ಬತ್ತಿಸುತ್ತೇವೆ. ಆ ಅರವತ್ತು ದಿನ ಅದರಿಂದ ಒಂದು ಲೋಟ ಹಾಲೂ ಸಿಗುವುದಿಲ್ಲ. ಆದರೂ ಮೇವು, ಹಿಂಡಿ, ಖನಿಜ ಮಿಶ್ರಣ ತಪ್ಪಿಸುವುದಿಲ್ಲ. ಈಗ ಬಿಟ್ಟರೆ ಮುಂದಿನ ಸೂಲಿಗೆ ಹಾಲು ಇಳಿಯುತ್ತದೆ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆ ಹಸುವನ್ನು ಸಾಕುವ ಹೆಣ್ಣುಮಗಳು ಬಸುರಿಯಾದಾಗ ಮಾತ್ರ ಇಂಥ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಎಂಟು ತಿಂಗಳು ತುಂಬಿದ ಮೇಲೂ ಕೊಟ್ಟಿಗೆಗೆ ಬಗ್ಗಿ ಸಗಣಿ ಬಾಚಿ, ಕ್ಯಾನ್ ಹೊತ್ತು ಡೈರಿಗೆ ಬರುವವರು ನಮ್ಮ ಸಂಘಗಳಲ್ಲಿ ಎಷ್ಟು ಜನ ಇದ್ದಾರೆಂದು ನಿಮಗೇ ಗೊತ್ತು.

ಸಂಬಳದ ಕೆಲಸ ಇರುವವರಿಗೆ ಹೆರಿಗೆ ರಜೆ ಇದೆ. ಪೂರ್ಣ ಕೆಲಸವೂ ಅಲ್ಲ, ಕೆಲಸ ಇಲ್ಲವೆಂದೂ ಅಲ್ಲ ಎಂಬಂಥ ನಡುವಿನ ಜಾಗದಲ್ಲಿ ಇರುವವರಿಗೆ ಏನು? ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಅರೆಕಾಲಿಕ ಸೈನಿಕ ಮಹಿಳೆಯರಿಗೂ ಬಹಳ ವರ್ಷ ಇದೇ ತೊಡಕಿತ್ತು. 2021ರಲ್ಲಿ ಅಲ್ಲಿ ಬಂದ ಒಂದು ಸಣ್ಣ ಕಾನೂನು ಅದನ್ನು ಒಂದಿಷ್ಟು ಬಿಡಿಸಿತು. ಆ ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ನಮ್ಮ ಪಾಸ್‌ಬುಕ್ಕನ್ನು ನೋಡುವ ಕಣ್ಣೂ ಸ್ವಲ್ಪ ಬದಲಾಗುತ್ತದೆ ಎಂಬ ಕಾರಣಕ್ಕೆ ಈ ಲೇಖನ.

ಅರೆಕಾಲಿಕ ಸೈನಿಕರು ಎಂದರೆ ಯಾರು? ನಮ್ಮಲ್ಲಿ ಗೃಹರಕ್ಷಕ ದಳದವರನ್ನು ನೋಡಿದ್ದೀರಿ. ಅವರಿಗೆ ಮನೆಯಲ್ಲಿ ಹೊಲವೋ ಅಂಗಡಿಯೋ ಇರುತ್ತದೆ. ಚುನಾವಣೆ, ಜಾತ್ರೆ, ನೆರೆ ಬಂದಾಗ ಕರೆ ಬಂದರೆ ಸಮವಸ್ತ್ರ ಹಾಕಿ ಹೊರಡುತ್ತಾರೆ. ಅಮೆರಿಕದಲ್ಲಿ ಸೇನೆಯೇ ಇಂಥ ಒಂದು ದೊಡ್ಡ ಪಡೆಯನ್ನು ಇಟ್ಟುಕೊಂಡಿದೆ. ಒಂದು ನ್ಯಾಷನಲ್ ಗಾರ್ಡ್. ಇದು ಪ್ರತಿ ರಾಜ್ಯಕ್ಕೂ ಇರುತ್ತದೆ, ಪ್ರವಾಹ, ಚಂಡಮಾರುತ, ಕಾಡ್ಗಿಚ್ಚು ಬಂದಾಗ ರಾಜ್ಯದ ಗವರ್ನರ್ ಇವರನ್ನು ಕರೆಸುತ್ತಾರೆ. ಇನ್ನೊಂದು ಸೇನೆಯ ಮೀಸಲು ಪಡೆ. ಇವರೆಲ್ಲ ವಾರವಿಡೀ ಶಾಲೆಯಲ್ಲಿ ಪಾಠ ಹೇಳುವವರು, ಆಸ್ಪತ್ರೆಯ ನರ್ಸುಗಳು, ಲಾರಿ ಓಡಿಸುವವರು, ರೈತರು. ತಿಂಗಳಲ್ಲಿ ಒಂದು ಶನಿವಾರ ಮತ್ತು ಭಾನುವಾರ ತರಬೇತಿಗೆ ಹೋಗಬೇಕು. ಜೊತೆಗೆ ವರ್ಷಕ್ಕೊಮ್ಮೆ ಸುಮಾರು ಎರಡು ವಾರದ ಶಿಬಿರ. ಯುದ್ಧ ಬಂದರೆ ಕರೆ ಬಂದ ಕಡೆಗೆ ಹೊರಡಬೇಕು.

ಇವರ ಲೆಕ್ಕ ನಡೆಯುವುದು ತಿಂಗಳ ಸಂಬಳದ ಮೇಲಲ್ಲ, ಹಾಜರಿಯ ಮೇಲೆ. ನಾವು ಬೆಳಗಿನ ಹಾಲು, ಸಂಜೆಯ ಹಾಲು ಎಂದು ಬೇರೆ ಬೇರೆ ಬರೆಸುವ ಹಾಗೆ, ಅಲ್ಲಿ ತರಬೇತಿಯ ಒಂದು ದಿನವನ್ನು ಎರಡು ಪಾಳಿಯಾಗಿ ಬರೆಯುತ್ತಾರೆ. ಒಂದು ಪಾಳಿಗೆ ಕನಿಷ್ಠ ನಾಲ್ಕು ಗಂಟೆ. ಶನಿವಾರ ಎರಡು, ಭಾನುವಾರ ಎರಡು, ಹೀಗೆ ತಿಂಗಳಿಗೆ ನಾಲ್ಕು ಪಾಳಿ, ವರ್ಷಕ್ಕೆ 48. ಪ್ರತಿ ಪಾಳಿಗೆ ಪೂರ್ಣಾವಧಿ ಸೈನಿಕರ ಒಂದು ದಿನದ ಮೂಲ ವೇತನ ಸಿಗುತ್ತದೆ. ಹಣದ ಜೊತೆಗೆ ಒಂದು ಅಂಕವೂ ಸಿಗುತ್ತದೆ. ಈ ಅಂಕವೇ ಇಲ್ಲಿ ಮುಖ್ಯ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ.

ಅರೆಕಾಲಿಕ ಸೈನಿಕರಿಗೂ ಪಿಂಚಣಿ ಉಂಟು. ಸಾಮಾನ್ಯವಾಗಿ 60 ವರ್ಷ ತುಂಬಿದ ಮೇಲೆ ಅದು ಕೈಗೆ ಬರುತ್ತದೆ. ಆದರೆ ಅದಕ್ಕೆ 20 ‘ಒಳ್ಳೆಯ ವರ್ಷ’ಗಳು ಇರಬೇಕು. ವರ್ಷಕ್ಕೆ 50 ಅಂಕ ಬಂದರೆ ಅದು ಒಳ್ಳೆಯ ವರ್ಷ. 49 ಬಂದರೆ ಆ ವರ್ಷ 20ರ ಎಣಿಕೆಗೆ ಸೇರುವುದಿಲ್ಲ. ಪಡೆಯಲ್ಲಿ ಸದಸ್ಯರಾಗಿ ಇರುವುದಕ್ಕೇ ವರ್ಷಕ್ಕೆ 15 ಅಂಕ ಸಿಗುತ್ತದೆ. 48 ಪಾಳಿಗೆ 48. ವಾರ್ಷಿಕ ಶಿಬಿರದ ದಿನಕ್ಕೊಂದರಂತೆ ಸುಮಾರು 15. ಎಲ್ಲ ಸೇರಿ 78. ಏನೂ ತೊಂದರೆ ಇಲ್ಲದ ವರ್ಷದಲ್ಲಿ 50 ದಾಟುವುದು ಕಷ್ಟವೇ ಅಲ್ಲ.

ಈಗ ಒಬ್ಬ ಬಸುರಿಯ ವರ್ಷವನ್ನು ತೆಗೆದುಕೊಳ್ಳಿ. ಕೊನೆಯ ತಿಂಗಳು ಮತ್ತು ಹೆರಿಗೆಯ ನಂತರದ ಮೂರು ತಿಂಗಳು, ಒಟ್ಟು ನಾಲ್ಕು ತಿಂಗಳು ತರಬೇತಿಗೆ ಹೋಗಲಾಗಲಿಲ್ಲ. 16 ಅಂಕ ಹೋಯಿತು. ಶಿಬಿರವೂ ಅದೇ ಸಮಯಕ್ಕೆ ಬಿತ್ತು, 15 ಹೋಯಿತು. 78ರಲ್ಲಿ 31 ಕಳೆದರೆ ಉಳಿಯುವುದು 47. ಮೂರು ಅಂಕಕ್ಕೆ ಒಂದು ವರ್ಷದ ಸೇವೆ ಪಿಂಚಣಿಯ ಎಣಿಕೆಯಿಂದ ಹೊರಗೆ. ಇದಕ್ಕೆ ಅವಳು ಮಾಡಿದ ತಪ್ಪು ಮಗುವನ್ನು ಹೆತ್ತದ್ದು.

ಮೊದಲು ಇದಕ್ಕಿದ್ದ ದಾರಿ ಎರಡೇ. ಮೇಲಧಿಕಾರಿ ಒಪ್ಪಿದರೆ ಗೈರಾಗಬಹುದು, ಆದರೆ ಹಣವೂ ಇಲ್ಲ, ಅಂಕವೂ ಇಲ್ಲ. ಇಲ್ಲವಾದರೆ ತಪ್ಪಿದ ಪಾಳಿಗಳನ್ನು ಬೇರೆ ದಿನ ಹೋಗಿ ತುಂಬಿಸಿಕೊಡಬೇಕು. ಅಂದರೆ ಹಸುಗೂಸನ್ನು ಮನೆಯಲ್ಲಿ ಬಿಟ್ಟು ಒಂದರ ಬದಲು ಎರಡು ವಾರಾಂತ್ಯ ಹೊರಗಿರಬೇಕು. ಹೀಗಾಗಿ ಬಾಣಂತನ ಮುಗಿಯುವ ಮೊದಲೇ ಬೂಟು ಕಟ್ಟಿಕೊಂಡು ಬರುವವರಿದ್ದರು, ಪಡೆಯನ್ನೇ ಬಿಟ್ಟು ಹೋಗುವವರೂ ಇದ್ದರು.

2021ರ ಜನವರಿ 1ರಂದು ಅಂಗೀಕಾರವಾದ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೊಂದು ಪರಿಹಾರ ಸೇರಿತು. ಸಾವಿರಾರು ಪುಟದ ಆ ಕಾಯ್ದೆಯಲ್ಲಿ ಅದು ಕೆಲವೇ ಸಾಲು. ಅರೆಕಾಲಿಕ ಸೇವೆಯಲ್ಲಿರುವ ತಾಯಿಗೆ ಹೆರಿಗೆಯ ನಂತರ ಆರು ದಿನ, ಎಂದರೆ 12 ಪಾಳಿ, ವೇತನ ಸಹಿತ ರಜೆ. ಮಗು ಹುಟ್ಟಿದ ಒಂದು ವರ್ಷದೊಳಗೆ ತೆಗೆದುಕೊಳ್ಳಬೇಕು. ಆ ಪಾಳಿಗಳ ಹಣ ಬರುತ್ತದೆ, ಅಂಕವೂ ಬರುತ್ತದೆ. ಅವಳು ಮನೆಯಲ್ಲಿ ಮಗುವಿಗೆ ಹಾಲೂಡಿಸುತ್ತಿದ್ದರೂ ಪುಸ್ತಕದಲ್ಲಿ ಬಂದ ಹಾಗೇ ಲೆಕ್ಕ. ನಮ್ಮ ಉದಾಹರಣೆಯ 47ಕ್ಕೆ 12 ಕೂಡಿಸಿ: 59. ವರ್ಷ ಉಳಿಯಿತು.

ಹೊರಗಿನಿಂದ ನೋಡಿದರೆ ಇದು ಬಹಳ ಚಿಕ್ಕ ಸವಲತ್ತು. ಒಟ್ಟು ಮೂರು ವಾರಾಂತ್ಯ, ಅಷ್ಟೇ. ಅದೇ ಸೇನೆಯ ಪೂರ್ಣಾವಧಿ ಸೈನಿಕರಿಗೆ 2022ರ ಡಿಸೆಂಬರ್ ಕೊನೆಯಿಂದ 12 ವಾರ ಪೂರ್ತಿ ವೇತನದ ರಜೆ ಇದೆ. ತಾಯಿಗೂ ಇದೆ, ತಂದೆಗೂ ಇದೆ, ದತ್ತು ಪಡೆದವರಿಗೂ ಇದೆ. ಹೆತ್ತ ತಾಯಿಗೆ ಮೈ ಸುಧಾರಿಸಿಕೊಳ್ಳಲು ವೈದ್ಯರು ಕೊಡುವ ರಜೆ ಅದರ ಮೇಲೆ ಬೇರೆ. ಎರಡು ಕಡೆಯೂ 12 ಎಂಬ ಸಂಖ್ಯೆ ಇರುವುದರಿಂದ ಕೇಳಿದವರಿಗೆ ಒಂದೇ ಎನಿಸುತ್ತದೆ. ಒಂದು ಕಡೆ 12 ವಾರ, ಇನ್ನೊಂದು ಕಡೆ ನಾಲ್ಕು ಗಂಟೆಯ 12 ಪಾಳಿ. ಅರೆಕಾಲಿಕ ಸೈನಿಕಳನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪೂರ್ಣ ಸೇವೆಗೆ ಕರೆಸಿಕೊಂಡಿದ್ದರೆ ಮಾತ್ರ ಅವಳಿಗೂ 12 ವಾರದ ನಿಯಮ ಅನ್ವಯ. ಇನ್ನೊಂದು ಕೊರತೆ: ಈ ಪಾಳಿ ರಜೆ ವಾರ್ಷಿಕ ಶಿಬಿರಕ್ಕೆ ಸಲ್ಲುವುದಿಲ್ಲ. ಮೂರನೆಯದು, 2021ರ ಕಾನೂನು ಬರೆದದ್ದು ಹೆತ್ತ ತಾಯಿಗೆ ಮಾತ್ರ. ಅಪ್ಪನಾದ ಅರೆಕಾಲಿಕ ಸೈನಿಕನ ಹೆಸರು ಅದರಲ್ಲಿರಲಿಲ್ಲ. ಬಾಣಂತನ ಹೆಂಗಸರ ಪಾಲಿನದು ಎಂಬ ಮಾತು ನಮ್ಮ ಹಳ್ಳಿಯದಷ್ಟೇ ಅಲ್ಲ ನೋಡಿ.

2022ರಲ್ಲಿ ಅಮೆರಿಕದ ಭೂಸೇನೆ ಇನ್ನೂ ಕೆಲವು ನಿಯಮ ತಂದಿತು. ಹೆರಿಗೆಯಾದ ಮೇಲೆ 365 ದಿನ ದೈಹಿಕ ಸಾಮರ್ಥ್ಯದ ಪರೀಕ್ಷೆ ಕಡ್ಡಾಯವಿಲ್ಲ. ಅಷ್ಟೇ ದಿನ ಅವಳನ್ನು ಯುದ್ಧಭೂಮಿಗೋ ದೂರದ ನಿಯೋಜನೆಗೋ ಕಳಿಸುವಂತಿಲ್ಲ, ಅವಳೇ ಬರುತ್ತೇನೆಂದರೆ ಬೇರೆ ಮಾತು. ಇದು ಪೂರ್ಣಾವಧಿಯವರಿಗೂ ಅರೆಕಾಲಿಕರಿಗೂ ಒಂದೇ. ನನ್ನ ಲೆಕ್ಕದಲ್ಲಿ 12 ಪಾಳಿಯ ಹಣಕ್ಕಿಂತ ಇದು ದೊಡ್ಡದು.

ವಾರದ ಉಳಿದ ದಿನ ಮಾಡುವ ಕೆಲಸದ ಕತೆ ಏನು? ಇಲ್ಲಿ ನಿಮಗೆ ಆಶ್ಚರ್ಯವಾಗಬಹುದು. ಅಷ್ಟು ಶ್ರೀಮಂತ ದೇಶದಲ್ಲಿ ಖಾಸಗಿ ಕೆಲಸದ ಹೆಣ್ಣುಮಕ್ಕಳಿಗೆ ಸಂಬಳ ಸಹಿತ ಹೆರಿಗೆ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನೇ ಇಲ್ಲ. 1993ರ ಒಂದು ಕಾನೂನಿನ ಪ್ರಕಾರ 12 ವಾರ ರಜೆ ಉಂಟು, ಸಂಬಳ ಇಲ್ಲ. ಅದೂ 50 ಅಥವಾ ಹೆಚ್ಚು ಜನ ಕೆಲಸಗಾರರಿರುವ ಕಡೆ, ಹಿಂದಿನ ಒಂದು ವರ್ಷದಲ್ಲಿ 1,250 ಗಂಟೆ ದುಡಿದವರಿಗೆ. ಒಂದು ಸಮಾಧಾನ ಎಂದರೆ, ಸೇನೆ ಕರೆದುಕೊಂಡು ಹೋಗಿದ್ದ ಕಾಲವನ್ನೂ ಆ 1,250 ಗಂಟೆಯ ಲೆಕ್ಕಕ್ಕೆ ಸೇರಿಸಬೇಕು. ಕೆಲವು ರಾಜ್ಯಗಳು ತಮ್ಮದೇ ವೇತನ ಸಹಿತ ರಜೆ ಮಾಡಿಕೊಂಡಿವೆ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಮುಂದಿದೆ. 2017ರ ತಿದ್ದುಪಡಿಯ ನಂತರ ಸಂಬಳದ ಕೆಲಸದಲ್ಲಿರುವ ತಾಯಿಗೆ ಮೊದಲೆರಡು ಹೆರಿಗೆಗೆ 26 ವಾರ. ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೆ 180 ದಿನದ ಹೆರಿಗೆ ರಜೆ ಮೊದಲಿನಿಂದಲೂ ಇತ್ತು. 2023ರ ನವೆಂಬರಿನಲ್ಲಿ ರಕ್ಷಣಾ ಸಚಿವರು ಅದನ್ನು ಸಾಮಾನ್ಯ ಮಹಿಳಾ ಸೈನಿಕರಿಗೂ, ನೌಕಾಪಡೆ ಮತ್ತು ವಾಯುಪಡೆಯಲ್ಲಿರುವ ಅದೇ ದರ್ಜೆಯವರಿಗೂ ವಿಸ್ತರಿಸಲು ಒಪ್ಪಿದರು. ಮಗುವಿಗೆ 18 ವರ್ಷ ಆಗುವವರೆಗೆ ಒಟ್ಟು 360 ದಿನ ಮಕ್ಕಳ ಪಾಲನೆಯ ರಜೆಯೂ ಅದರಲ್ಲಿದೆ. ಭೂಸೇನೆಗೆ ಸೈನಿಕರಾಗಿ ಸೇರಿದ ಮೊದಲ ಮಹಿಳಾ ತಂಡ, 83 ಜನ, ಮಿಲಿಟರಿ ಪೊಲೀಸ್ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಮಗಳು ಸೇನೆಗೆ ಸೇರುತ್ತೇನೆ ಎಂದರೆ ‘ನಾಳೆ ಮದುವೆ, ಮಕ್ಕಳು ಅಂತಾದರೆ ಏನು ಗತಿ’ ಎಂದು ಹೆದರುವ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬಹುದು.

ನಮ್ಮಲ್ಲೂ ಅರೆಕಾಲಿಕ ಸೇನೆ ಇದೆ. ಪ್ರಾದೇಶಿಕ ಸೇನೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಟೆರಿಟೋರಿಯಲ್ ಆರ್ಮಿ. 1948ರ ಕಾಯ್ದೆಯದು. ಬೇರೆ ದುಡಿಮೆ ಇರುವವರೇ ಇದಕ್ಕೆ ಸೇರುತ್ತಾರೆ. ಕ್ರಿಕೆಟ್ ಆಟಗಾರ ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವುದು ಇದರಲ್ಲೇ. ಇದರ ಬಾಗಿಲು ಹೆಂಗಸರಿಗೂ ತೆರೆಯಬೇಕೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು.

ಇಷ್ಟೆಲ್ಲ ಹೇಳಿದ್ದು ನಮ್ಮ ಪಾಸ್‌ಬುಕ್ಕಿಗೆ ಬರಲಿಕ್ಕೆ. ಹಾಲು ಹಾಕುವ ನಾವು ಸಂಘದ ಸಂಬಳದವರಲ್ಲ, ಸದಸ್ಯರು. ಹಾಗಾಗಿ 26 ವಾರದ ಕಾನೂನು ನಮಗೆ ಸಲ್ಲುವುದಿಲ್ಲ. ಆದರೆ ಆ ಸೈನಿಕಳ ಹಾಗೆ ನಮಗೂ ಎಣಿಕೆ ಇದೆ. ವರ್ಷಕ್ಕೆ ಇಂತಿಷ್ಟು ದಿನ, ಇಂತಿಷ್ಟು ಲೀಟರ್ ಹಾಲು ಹಾಕಿದವರಿಗೇ ಮತದಾನದ ಹಕ್ಕು, ಆಡಳಿತ ಮಂಡಳಿಗೆ ನಿಲ್ಲುವ ಹಕ್ಕು ಎಂದು ಸಂಘದ ಬೈಲಾದಲ್ಲಿ ಇರುತ್ತದೆ. ಬೋನಸ್ಸೂ ಹಾಕಿದ ಹಾಲಿನ ಮೇಲೆಯೇ. ನಿಮ್ಮ ಸಂಘದಲ್ಲಿ ಆ ಸಂಖ್ಯೆ ಎಷ್ಟು ಎಂದು ಕಾರ್ಯದರ್ಶಿಯವರನ್ನು ಕೇಳಿ. ಬೈಲಾ ನೋಡುವುದು ಸದಸ್ಯರ ಹಕ್ಕು.

ಸಾಮಾನ್ಯವಾಗಿ ಏನಾಗುತ್ತದೆ? ಸೊಸೆ ಏಳನೇ ತಿಂಗಳಿಗೆ ಬಾಣಂತನಕ್ಕೆಂದು ತವರಿಗೆ ಹೋಗುತ್ತಾಳೆ. ಹಸು ಗಂಡನ ಮನೆಯಲ್ಲೇ ಇರುತ್ತದೆ, ಹಾಲು ಕರೆಯುವುದು ಅತ್ತೆಯೋ ಗಂಡನೋ. ಡೈರಿಯಲ್ಲಿ ಹಾಲು ಅಳೆಯುವಾಗ ‘ಯಾರ ನಂಬರಿಗೆ?’ ಎಂದರೆ, ಗಂಡನೂ ಸದಸ್ಯನಾಗಿದ್ದರೆ ಅವನ ನಂಬರು ಹೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಯಾರೂ ಯೋಚಿಸುವುದಿಲ್ಲ ಅಷ್ಟೇ. ಬಟವಾಡೆಯೂ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅವನ ಖಾತೆಗೆ ಹೋಗುತ್ತದೆ. ಐದಾರು ತಿಂಗಳು ಕಳೆದು ಅವಳು ಮಗುವಿನೊಂದಿಗೆ ಮರಳಿ, ಸಂಘದ ಚುನಾವಣೆಯ ಮತದಾರರ ಪಟ್ಟಿ ನೋಡಿದರೆ ತನ್ನ ಹೆಸರಿಲ್ಲ. ಹಸು ಅವಳದು, ಸಾಲ ಅವಳ ಹೆಸರಿನದು, ದಿನಗಳು ಮಾತ್ರ ಕಡಿಮೆ.

ತವರಿಗೆ ಹೊರಡುವ ಮೊದಲು ಕಾರ್ಯದರ್ಶಿಯವರಿಗೂ ಹಾಲು ಅಳೆಯುವವರಿಗೂ ಒಂದು ಮಾತು ಹೇಳಿ: ಮನೆಯವರು ಯಾರೇ ಹಾಲು ತಂದರೂ ಈ ಹಸುಗಳ ಹಾಲನ್ನು ನನ್ನ ನಂಬರಿಗೇ ಬರೆಯಿರಿ. ಬಾಯಿಮಾತಿಗಿಂತ ಒಂದು ಚೀಟಿ ಬರೆದುಕೊಡುವುದು ಒಳ್ಳೆಯದು. ಸಹಕಾರ ವರ್ಷ ಏಪ್ರಿಲ್‌ನಿಂದ ಮಾರ್ಚ್ ಎಂಬುದೂ ಗಮನದಲ್ಲಿರಲಿ. ಜನವರಿಯಲ್ಲಿ ಹೆರಿಗೆಯಾದವರ ಗೈರು ಎರಡು ವರ್ಷಕ್ಕೆ ಹಂಚಿಹೋಗುತ್ತದೆ, ಆಗಸ್ಟಿನಲ್ಲಾದರೆ ಪೂರಾ ಒಂದೇ ವರ್ಷದ ಮೇಲೆ ಬೀಳುತ್ತದೆ.

ಮನೆಯಲ್ಲಿ ಹಾಲು ಹಾಕುವವರೇ ಇಲ್ಲದೆ ಹಸು ಮಾರಬೇಕಾಗಿ ಬಂದವರ ಕಷ್ಟ ಬೇರೆ. ಅವರ ದಿನಗಳನ್ನು ಯಾವ ಚೀಟಿಯೂ ತುಂಬುವುದಿಲ್ಲ. ಅಲ್ಲಿ ಬೇಕಾಗುವುದು ಅಮೆರಿಕದವರು ಬರೆದಂಥ ಕೆಲವು ಸಾಲು: ಹೆರಿಗೆಯಾದ ಸದಸ್ಯೆಗೆ ಇಂತಿಷ್ಟು ದಿನ ಹಾಲು ಹಾಕಿದಂತೆ ಪರಿಗಣಿಸುವುದು, ಅಥವಾ ಆ ವರ್ಷಕ್ಕೆ ಬೇಕಾದ ದಿನಗಳನ್ನು ಕಡಿಮೆ ಮಾಡುವುದು. ಇದು ಕಾನೂನಿಗೆ ಹೊಂದುತ್ತದೆಯೇ ಎಂದು ಸಹಕಾರ ಇಲಾಖೆಯವರೇ ಹೇಳಬೇಕು. ಬೈಲಾ ತಿದ್ದುಪಡಿಗೆ ಸರ್ವಸದಸ್ಯರ ಸಭೆಯ ಒಪ್ಪಿಗೆಯೂ ಇಲಾಖೆಯ ನೋಂದಣಿಯೂ ಬೇಕು. ವಿಷಯವನ್ನು ಸಭೆಗೆ ಮೊದಲೇ ಬರೆದು ಕೊಟ್ಟರೆ ಕಾರ್ಯಸೂಚಿಗೆ ಸೇರಿಸಲು ಕೇಳಬಹುದು. ಮಹಿಳಾ ಸಂಘಗಳಲ್ಲಿ ಆಡಳಿತ ಮಂಡಳಿಯವರೆಲ್ಲ ಹೆಂಗಸರೇ ಇರುವುದರಿಂದ ಅಲ್ಲಿ ಇದನ್ನು ಅರ್ಥ ಮಾಡಿಸಲು ಹೆಚ್ಚು ಮಾತು ಬೇಕಾಗಲಾರದು.

ಕೈಗೆ ಬರುವ ಹಣದ ವಿಷಯಕ್ಕೆ ಬಂದರೆ, ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ರೈತ ಮಹಿಳೆಯರಿಗೂ ಇದೆ. ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ. ಎರಡನೆಯದು ಹೆಣ್ಣುಮಗುವಾದರೆ ಒಂದೇ ಕಂತಿನಲ್ಲಿ 6,000. ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇವುಗಳಲ್ಲಿ ಒಂದಿದ್ದರೂ ಅರ್ಜಿ ಹಾಕಬಹುದು. ಕಿಸಾನ್ ಸಮ್ಮಾನ್ ಹಣ ಪಡೆಯುವ ರೈತ ಮಹಿಳೆಯರೂ ಅರ್ಹರು. ನೋಂದಣಿ ಅಂಗನವಾಡಿಯಲ್ಲಿ. ತಾಯಿ ಕಾರ್ಡ್, ಆಧಾರ್ ಮತ್ತು ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಬೇಕು. ಡೈರಿಯ ಬಟವಾಡೆ ಬರುವ ಖಾತೆಯನ್ನೇ ಕೊಡಬಹುದು, ಅದು ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ತವರಿಗೆ ಹೋಗುವ ಮೊದಲೇ ನೋಡಿಕೊಳ್ಳಿ.